ಆರು ಎಲ್ಲಿದೆ?

ಅತ್ತೆಯಾದವಳು ಸೊಸೆಯನ್ನು ಹೊಗಳಿದರೆ ನಮ್ಮ ತುಮಕೂರಿನಲ್ಲಿ ಜನ ಮೊದಲು ಸಂಶಯಪಡುತ್ತಾರೆ. ಏನೋ ಕೆಲಸ ಆಗಬೇಕಿರಬೇಕು, ಇಲ್ಲವೇ ವಯಸ್ಸಾಗಿ ತಲೆ ಸ್ವಲ್ಪ ಮೆತ್ತಗಾಗಿರಬೇಕು ಎಂದುಕೊಳ್ಳುತ್ತಾರೆ. ನನಗೆ ಎರಡೂ ಇಲ್ಲ. ಈ ಸುಲೋಚನಮ್ಮನಿಗೆ ಮೂಗಿನ ತುದಿಯಲ್ಲೇ ಕೋಪ ಎಂದು ನಮ್ಮ ಬೀದಿಯಲ್ಲೆಲ್ಲ ಪ್ರತೀತಿ. ನನ್ನ ಸೊಸೆ ಪ್ರಫುಲ್ಲಾ ಮದುವೆಯಾಗಿ ಬಂದಾಗಿನಿಂದ ಅವಳ ಸಾರಿಗೆ ಹುಳಿ ಹೆಚ್ಚು, ಅವಳ ನಡಿಗೆ ಜೋರು ಎಂದು ಹೇಳುತ್ತಲೇ ಬಂದಿದ್ದೇನೆ, ಈಗಲೂ ಹೇಳುತ್ತೇನೆ. ಆದರೆ ಸ್ವೀಡನ್ನಿನ ಶೋವ್ಡೆ ಊರಿನಲ್ಲಿ ಆ ಗೌರಿ ಹಬ್ಬದ ವಾರ ನಾನು ಕಣ್ಣಾರೆ ಕಂಡದ್ದನ್ನು ಹೇಳದಿದ್ದರೆ ತಿಂದ ಅನ್ನ ಅರಗುವುದಿಲ್ಲ.

ನನ್ನ ಮಗ ಗೋಪೀನಾಥ ಶೋವ್ಡೆಯಲ್ಲಿ ಕಾರಿನ ಎಂಜಿನ್ ಮಾಡುವ ಕಾರ್ಖಾನೆಯಲ್ಲಿ ಎಂಜಿನಿಯರ್. ಎರಡು ಸಾವಿರದ ಏಳನೇ ಇಸವಿಯಲ್ಲಿ ಬೇಸಿಗೆ ಕಳೆಯಲೆಂದು ನಾನು ಅವರ ಮನೆಗೆ ಹೋಗಿದ್ದೆ. ಪ್ರಫುಲ್ಲಾ ತುಮಕೂರಿನ ಅನುದಾನಿತ ಪ್ರೌಢಶಾಲೆಯಲ್ಲಿ ಗಣಿತದ ಮೇಡಂ. ಗಂಡನ ಜೊತೆ ಇರಬೇಕೆಂದು ಸಂಬಳವಿಲ್ಲದ ರಜೆ ಹಾಕಿ ಬಂದಿದ್ದಳು. ಬಂದವಳು ಸುಮ್ಮನೆ ಕೂರಲಿಲ್ಲ. ಸ್ವೀಡಿಷ್ ಕಲಿತಳು, ಪರೀಕ್ಷೆ ಕೊಟ್ಟಳು, ಅಕ್ಕಪಕ್ಕದ ಊರಿನ ಶಾಲೆಗಳಿಗೆಲ್ಲ ಅರ್ಜಿ ಹಾಕಿದಳು. ಯಾರೂ ಕರೆಯಲಿಲ್ಲ. ಅಷ್ಟರಲ್ಲಿ ರಜೆ ಮುಗಿಯುತ್ತ ಬಂತು. ಆ ತಿಂಗಳ ಕೊನೆಯೊಳಗೆ ತುಮಕೂರಿಗೆ ಹೋಗಿ ಹಾಜರಾಗದಿದ್ದರೆ ಖಾಯಂ ಕೆಲಸ ಕೈಬಿಟ್ಟ ಹಾಗೆ. ಹಾಜರಾದರೆ ಗಂಡ ಇಲ್ಲಿ, ಹೆಂಡತಿ ಅಲ್ಲಿ.

ನಾನು ಖಾಯಂ ಕೆಲಸದ ಪಕ್ಷ. ನಡೆ, ನನ್ನ ಜೊತೆಗೇ ಹೊರಟುಬಿಡು, ಇವನೂ ಒಂದೆರಡು ವರ್ಷದಲ್ಲಿ ಬರಲಿ ಎಂದು ಹೇಳುತ್ತಿದ್ದೆ.

"ಅದು ಸರಿ ಅತ್ತೆ" ಎನ್ನುತ್ತಿದ್ದಳು. "ಆದ್ರೆ ಇವರನ್ನ ಬಿಟ್ಟು ಹೋಗೋಕೆ ಮನಸ್ಸಿಲ್ಲ. ಪಾಠ ಮಾಡದೆ ಇಲ್ಲೇ ಇರೋಕೂ ಮನಸ್ಸಿಲ್ಲ. ಇನ್ನೊಂದು ವರ್ಷ ಹೀಗೇ ಅಡುಗೆಮನೇಲಿ ನಿಂತ್ರೆ ನನಗೆ ಹುಚ್ಚು ಹಿಡಿಯುತ್ತೆ."

ಆಗಲೇ ಒಂದು ಶಾಲೆಯಿಂದ ಫೋನ್ ಬಂದದ್ದು. ಅಲ್ಲಿನ ಲೆಕ್ಕದ ಮೇಷ್ಟ್ರು ಮಗು ನೋಡಿಕೊಳ್ಳಲು ರಜೆ ಹಾಕಿದ್ದರಂತೆ. ಹೆರಿಗೆ ಹೆಂಡತಿಗೆ, ರಜೆ ಗಂಡನಿಗೆ. ಆ ದೇಶದ ನ್ಯಾಯವೇ ಬೇರೆ. ಮುಖ್ಯೋಪಾಧ್ಯಾಯಿನಿ ಗುನಿಲ್ಲಾ ಎಂಬಾಕೆ, ಮಂಗಳವಾರ ಒಂದು ಪಾಠ, ಶುಕ್ರವಾರ ಒಂದು ಪಾಠ ಮಾಡಿ, ನಾನು ಹಿಂದೆ ಕೂತು ನೋಡುತ್ತೇನೆ, ಆಮೇಲೆ ತೀರ್ಮಾನ ಎಂದಳಂತೆ. ಆರನೇ ತರಗತಿ. ಪಾಠ ಮ.ಸಾ.ಅ., ಅಂದರೆ ಮಹತ್ತಮ ಸಾಮಾನ್ಯ ಅಪವರ್ತನ. ಎರಡು ಸಂಖ್ಯೆಗಳನ್ನು ಕೊಟ್ಟರೆ, ಎರಡನ್ನೂ ಶೇಷವಿಲ್ಲದೆ ಭಾಗಿಸುವ ಅತಿ ದೊಡ್ಡ ಸಂಖ್ಯೆ ಯಾವುದು ಎಂದು ಹುಡುಕುವುದು. ನಾನೂ ಪಿಯುಸಿವರೆಗೆ ಓದಿದವಳು, ಇದು ನನಗೂ ಬರುತ್ತಿತ್ತು.

"ಇದಾ? ಕಣ್ಣು ಮುಚ್ಕೊಂಡು ಮಾಡ್ತೀನಿ" ಎಂದು ಪ್ರಫುಲ್ಲಾ ನಕ್ಕು ಹೋದಳು.

ಮಂಗಳವಾರ ಮಧ್ಯಾಹ್ನ ಮರಳಿ ಬಂದವಳ ಮುಖದಲ್ಲಿ ನಗು ಇರಲಿಲ್ಲ. ಕೋಟು ಬಿಚ್ಚದೆ ಅಡುಗೆಮನೆಯ ಕುರ್ಚಿಯಲ್ಲಿ ಕೂತಳು. ನಾನು ಕಾಫಿ ಕೊಟ್ಟೆ. ಅರ್ಧ ಲೋಟ ಖಾಲಿಯಾದ ಮೇಲೆ ಬಾಯಿ ಬಿಟ್ಟಳು.

ತುಮಕೂರಿನಲ್ಲಿ ಹೇಗೋ ಹಾಗೇ ಮಾಡಿದ್ದಾಳೆ. ಇಪ್ಪತ್ತನಾಲ್ಕು, ಹದಿನೆಂಟು ಎಂದು ಬೋರ್ಡಿನ ಮೇಲೆ ಅಕ್ಕಪಕ್ಕ ಬರೆದು, ಎಡಗಡೆ ಗೆರೆ ಎಳೆದು, ಎರಡರಿಂದ ಭಾಗಿಸಿ ಹನ್ನೆರಡು, ಒಂಬತ್ತು. ಮೂರರಿಂದ ಭಾಗಿಸಿ ನಾಲ್ಕು, ಮೂರು. ಇನ್ನು ಎರಡಕ್ಕೂ ಹೋಗುವ ಸಂಖ್ಯೆ ಇಲ್ಲ. ಎಡಗಡೆಯ ಎರಡನ್ನೂ ಮೂರನ್ನೂ ಗುಣಿಸಿದರೆ ಆರು. ನಮ್ಮ ಶಾಲೆಯಲ್ಲಾದರೆ ಇಷ್ಟು ಹೊತ್ತಿಗೆ ಇಡೀ ತರಗತಿ ಒಂದೇ ದನಿಯಲ್ಲಿ ಹೇಳುತ್ತಿತ್ತು. ಮೇಡಂ "ಎಷ್ಟಾಯ್ತು" ಎಂದರೆ ಹಂಚು ಹಾರಿಹೋಗುವಂತೆ "ಆರು ಮೇಡಂ" ಎನ್ನುತ್ತಿದ್ದರು. ಇಲ್ಲಿ "ಎಷ್ಟಾಯ್ತು" ಎಂದು ಕೇಳಿ ಕೈ ಎತ್ತಿ ನಿಂತರೆ ಒಂದು ಮಗುವೂ ತುಟಿ ಬಿಚ್ಚಲಿಲ್ಲವಂತೆ. ಎಲ್ಲರೂ ಅವಳನ್ನೇ ನೋಡುತ್ತ ಕೂತರಂತೆ.

"ಆಮೇಲೆ ಲಿನ್ನೇಯಾ ಅಂತ ಒಂದು ಹುಡುಗಿ ಕೈ ಎತ್ತಿದ್ಲು ಅತ್ತೆ. ಆರು ಬಂತು ಸರಿ, ಆ ಆರು ಎಲ್ಲಿದೆ, ಅಂತ ಕೇಳಿದ್ಲು."

"ಎಲ್ಲಿದೆ ಅಂದ್ರೆ? ಬೋರ್ಡಿನ ಮೇಲೆ ಇತ್ತಲ್ಲ."

"ನಾನೂ ಹಾಗೇ ಅಂದ್ಕೊಂಡೆ. ಅವಳಿಗೆ ಅರ್ಥ ಆಗಿಲ್ಲ ಅಂತ ಇನ್ನೊಂದ್ಸಲ ಭಾಗಿಸಿ ತೋರ್ಸಿದೆ. ಅವಳು ಪೆನ್ಸಿಲ್ ಕೆಳಗಿಟ್ಟುಬಿಟ್ಲು. ಇಪ್ಪತ್ತನಾಲ್ಕರಲ್ಲೂ ಹದಿನೆಂಟರಲ್ಲೂ ಒಂದೇ ಆರು ಅಡಗಿದೆ ಅಂತೀರಲ್ಲ, ಅದನ್ನ ತೋರ್ಸಿ ಅಂತ ಅವಳು ಕೇಳಿದ್ದು. ನನಗೆ ಗೊತ್ತಾಗಿದ್ದು ಬಸ್ಸಿನಲ್ಲಿ ಕೂತ ಮೇಲೆ."

ಗುನಿಲ್ಲಾ ಏನೆಂದಳು ಎಂದು ಕೇಳಿದೆ. "ಇಂಟ್ರೆಸ್ಸಾಂಟ್" ಎಂದಳಂತೆ. ಒಳ್ಳೆಯ ಮಾತೇ ಅಲ್ಲವೇ, ಇಂಟರೆಸ್ಟಿಂಗ್ ಎಂದ ಹಾಗೆ ಎಂದು ನಾನು ಸಮಾಧಾನ ಮಾಡಿದೆ. ಸಂಜೆ ಗೋಪೀನಾಥ ಬಂದು ಅದಕ್ಕೂ ನೀರೆರಚಿದ.

"ಅಮ್ಮ, ಇವರು ಮುಖಕ್ಕೆ ಹೊಡೆದ ಹಾಗೆ ಬೇಡ ಅನ್ನಲ್ಲ. ಮೀಟಿಂಗಲ್ಲಿ ನಮ್ಮ ಬಾಸ್ ಇಂಟ್ರೆಸ್ಸಾಂಟ್ ಅಂದ ಅಂದ್ರೆ ಆ ಐಡಿಯಾ ಸತ್ತಂಗೇ."

ಪ್ರಫುಲ್ಲಾ ಎದ್ದು ಹೋಗಿ ಪಾತ್ರೆ ತೊಳೆಯತೊಡಗಿದಳು. ನನಗೆ ಒಳಗೊಳಗೇ ಸ್ವಲ್ಪ ನೆಮ್ಮದಿಯೇ ಆಯಿತು, ಸುಳ್ಳು ಯಾಕೆ ಹೇಳಲಿ. ಇನ್ನು ಇವಳು ನನ್ನ ಜೊತೆ ಹೊರಡುತ್ತಾಳೆ ಎಂದುಕೊಂಡೆ. ಆದರೆ ಅವಳ ಬೆನ್ನು ನೋಡಿ ಸಂಕಟವೂ ಆಯಿತು.

ಮರುದಿನ ಬುಧವಾರ. ಶುಕ್ರವಾರ ಗೌರಿ. ಮನೆಯೇನೋ ಮೂರನೇ ಮಹಡಿಯಲ್ಲಿ. ಮೆಟ್ಟಿಲ ಬಳಿ ಏನೂ ಹಾಕಬಾರದು, ಇಡಬಾರದು ಎಂದು ಮನೆ ಕೊಟ್ಟವರ ಕಟ್ಟಪ್ಪಣೆ. ಹಾಗಾಗಿ ಬಾಲ್ಕನಿಯೇ ನಮ್ಮ ಅಂಗಳ. ಹಬ್ಬಕ್ಕೆ ಮುಂಚೆ ಕೈ ಪಳಗಲಿ ಎಂದು ರಂಗೋಲಿ ಪುಡಿ ತೆಗೆದುಕೊಂಡು ಹೋಗಿ ಕೂತೆ. ನಮ್ಮ ಮನೆತನದಲ್ಲಿ ಹಬ್ಬದ ರಂಗೋಲಿ ಎಂದರೆ ಎಳೆ ರಂಗೋಲಿ. ಚುಕ್ಕಿಗಳನ್ನು ಸಾಲಾಗಿ ಇಟ್ಟು, ಅವುಗಳ ನಡುವೆ ಗೆರೆ ಓರೆಯಾಗಿ ನುಗ್ಗಬೇಕು, ಅಂಚಿಗೆ ಬಂದಾಗ ಹೊರಳಬೇಕು, ಹಾಗೇ ಎಲ್ಲ ಚುಕ್ಕಿಗಳನ್ನೂ ಸುತ್ತುವರಿದು ಹೊರಟ ಜಾಗಕ್ಕೇ ಬಂದು ಸೇರಬೇಕು. ನಡುವೆ ಕಡಿಯಬಾರದು. ಒಂದೇ ಎಳೆ. ನಮ್ಮಮ್ಮ ಹೇಳಿಕೊಟ್ಟದ್ದು ಒಂದೇ ಮಾತು: ಅಡ್ಡಕ್ಕೆ ಎಷ್ಟು ಚುಕ್ಕಿಯೋ, ಉದ್ದಕ್ಕೆ ಅದಕ್ಕಿಂತ ಒಂದು ಹೆಚ್ಚು. ಆರಕ್ಕೆ ಏಳು, ಏಳಕ್ಕೆ ಎಂಟು. ಯಾಕೆ ಎಂದು ನಾನು ಕೇಳಲಿಲ್ಲ, ಅವಳೂ ಹೇಳಲಿಲ್ಲ.

ಆ ಬಾಲ್ಕನಿಯೋ ಉದ್ದಕ್ಕೆ ರೈಲಿನ ಓಣಿ. ಆರಕ್ಕೆ ಏಳು ಇಟ್ಟರೆ ಅರ್ಧ ನೆಲ ಬೋಳು. ಜಾಗ ಇದೆಯಲ್ಲ ಎಂಬ ಆಸೆಗೆ ಉದ್ದಕ್ಕೆ ಒಂಬತ್ತು ಇಟ್ಟೆ. ಮೂಲೆಯಿಂದ ಎಳೆ ಹಿಡಿದು ಹೊರಟೆ. ಇನ್ನೂ ಎಷ್ಟೋ ಚುಕ್ಕಿಗಳ ಪಕ್ಕ ಖಾಲಿ ಇರುವಾಗಲೇ ಗೆರೆ ಬಂದು ಹೊರಟ ಜಾಗಕ್ಕೆ ಸೇರಿಬಿಟ್ಟಿತು. ಎಲ್ಲೋ ತಪ್ಪಿದೆ ಎಂದು ಒರೆಸಿ ಮತ್ತೆ ಹಾಕಿದೆ. ಮತ್ತೆ ಅದೇ. ಉಳಿದ ಜಾಗಕ್ಕೆ ಇನ್ನೊಂದು ಎಳೆ ಹಾಕಿದೆ, ಅದೂ ಸಾಲದೆ ಮತ್ತೊಂದು. ಮೂರು ಎಳೆಗೆ ರಂಗೋಲಿ ತುಂಬಿತು. ನೋಡಲು ಚೆನ್ನಾಗಿಯೇ ಇತ್ತು, ಆದರೆ ಗೌರಿಯ ಮುಂದೆ ಮೂರು ತುಂಡಿನ ರಂಗೋಲಿಯೇ?

"ಈ ನೆಲವೇ ಸರಿ ಇಲ್ಲ" ಎಂದು ಬೈದೆ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂದು ನನ್ನನ್ನೇ ಯಾರಾದರೂ ಆಡಿಕೊಳ್ಳಬಹುದಿತ್ತು. ಕೇಳಿಸಿಕೊಂಡು ಪ್ರಫುಲ್ಲಾ ಬಂದಳು. ಹಿಂದಿನ ದಿನದಿಂದ ಸಪ್ಪಗಿದ್ದವಳು ಬಾಗಿಲಲ್ಲಿ ನಿಂತು ಸುಮ್ಮನೆ ನೋಡಿದಳು.

"ಎಷ್ಟು ಚುಕ್ಕಿ ಅತ್ತೆ?"

"ಆರು, ಒಂಬತ್ತು."

"ಎಷ್ಟು ಎಳೆ?"

"ಕಣ್ಣು ಕಾಣಲ್ವಾ? ಮೂರು. ಒರೆಸಿ ಎರಡು ಸಲ ಹಾಕ್ದೆ."

ಅವಳು ಹಾವು ತುಳಿದವಳ ಹಾಗೆ ನಿಂತುಬಿಟ್ಟಳು. ಆಮೇಲೆ ಚಪ್ಪಲಿಯನ್ನೂ ಹಾಕದೆ ಆ ತಣ್ಣನೆಯ ನೆಲದ ಮೇಲೆ ಕೂತು, "ನಾಲ್ಕು, ಆರು ಹಾಕಿ ನೋಡೋಣ" ಎಂದಳು. ನಾನು ಚುಕ್ಕಿ ಇಟ್ಟೆ, ಅವಳು ಎಳೆದಳು. ಎರಡು ಎಳೆ. ಐದು, ಏಳು. ಒಂದೇ ಎಳೆ. ನಾಲ್ಕು, ಎಂಟು. ನಾಲ್ಕು ಎಳೆ. ಪುಡಿ ಮುಗಿಯುತ್ತ ಬಂತು. ಹಬ್ಬಕ್ಕೆ ಉಳಿಸು ಎಂದು ನಾನು ಗದರಿದರೆ ಒಳಗೆ ಹೋಗಿ ಕಾಗದ ತಂದಳು. ಕಣ್ಣುಗಳು ಹೊಳೆಯುತ್ತಿದ್ದವು.

"ಅತ್ತೆ, ಆರಕ್ಕೂ ಒಂಬತ್ತಕ್ಕೂ ಮ.ಸಾ.ಅ. ಮೂರು. ನಿಮ್ಮ ಎಳೆನೂ ಮೂರು. ಯಾವ ಸಂಖ್ಯೆ ಹಾಕಿದ್ರೂ ಎಳೆ ಅಷ್ಟೇ ಬರ್ತಿದೆ. ನಿಮ್ಮಮ್ಮ ಯಾಕೆ ಒಂದು ಚುಕ್ಕಿ ಹೆಚ್ಚಿಗೆ ಇಡು ಅಂದ್ರು ಗೊತ್ತಾ? ಅಕ್ಕಪಕ್ಕದ ಎರಡು ಸಂಖ್ಯೆಗೆ ಒಂದನ್ನ ಬಿಟ್ರೆ ಬೇರೆ ಯಾವುದೂ ಸಾಮಾನ್ಯ ಇರಲ್ಲ. ಅದಕ್ಕೇ ಒಂದೇ ಎಳೆ."

ಅಷ್ಟು ಕಂಡುಕೊಂಡರೆ ಸಾಲದೇ? ನಾನಾಗಿದ್ದರೆ ಕೈ ತೊಳೆದು ಏಳುತ್ತಿದ್ದೆ. ಅವಳಿಗೆ ಸಾಲಲಿಲ್ಲ. ಬಂದದ್ದು ಗೊತ್ತಾಯಿತು, ಯಾಕೆ ಬಂತು ಎಂದು ಗೊತ್ತಾಗಬೇಕು ಎಂದು ಹಟ. ಆ ಹುಡುಗಿ ಮತ್ತೆ "ಯಾಕೆ" ಎಂದು ಕೇಳಿದರೆ ಈ ಸಲ ನನ್ನಲ್ಲಿ ಉತ್ತರ ಇರಬೇಕು ಎಂದಳು. ಬುಧವಾರವೆಲ್ಲ ಊಟದ ಮೇಜಿನ ಮೇಲೆ ಕಾಗದ ಹರಡಿ ಕೂತಳು. ಅವತ್ತು ಒಗ್ಗರಣೆ ಹಾಕಿದ್ದು ಗೋಪೀನಾಥ, ಅದೂ ಸೀದುಹೋಯಿತು. ಗುರುವಾರ ನಾನು ಹೋಳಿಗೆಗೆ ಕಣಕ ಕಲಸುತ್ತಿದ್ದಾಗ ಅವಳು ಒಂದು ರಂಗೋಲಿಯ ಕಾಗದವನ್ನು ಮಡಿಸಿದಳು, ಬಿಚ್ಚಿದಳು, ಮತ್ತೆ ಮಡಿಸಿದಳು. ಆಮೇಲೆ ಮೇಜಿನ ಮೇಲೆ ತಲೆ ಇಟ್ಟು ನಗತೊಡಗಿದಳು. ಏನಾಯಿತೇ ಎಂದರೆ, "ಸಿಕ್ತು ಅತ್ತೆ" ಎಂದಳು, ಅಷ್ಟೇ. ಏನು ಸಿಕ್ಕಿತು ಎಂದು ನನಗೆ ತಿಳಿದದ್ದು ಶುಕ್ರವಾರ.

ಶುಕ್ರವಾರ ಬೆಳಿಗ್ಗೆ ಗೌರಿಯನ್ನು ಕೂರಿಸಿ, ಪೂಜೆ ನೀನು ಬಂದ ಮೇಲೆ ಮಾಡೋಣ ಎಂದೆ. ಮನೆಯಲ್ಲಿ ಒಬ್ಬಳೇ ಗಡಿಯಾರ ನೋಡಿಕೊಂಡು ಕೂರುವುದು ನನ್ನಿಂದಾಗದು, ನಾನೂ ಬರುತ್ತೇನೆ ಎಂದು ಹಟ ಹಿಡಿದೆ. ಪ್ರಫುಲ್ಲಾ ಗುನಿಲ್ಲಾಗೆ ಫೋನ್ ಮಾಡಿ ಕೇಳಿದಳು. ಧಾರಾಳವಾಗಿ ಬರಲಿ ಎಂದಳಂತೆ. ಹೀಗೆ ನಾನು ರೇಷ್ಮೆ ಸೀರೆಯ ಮೇಲೆ ಸ್ವೆಟರ್ ಹಾಕಿಕೊಂಡು, ಉಪವಾಸದ ಹೊಟ್ಟೆಯಲ್ಲಿ, ಆ ಆರನೇ ತರಗತಿಯ ಹಿಂದಿನ ಸಾಲಿನಲ್ಲಿ ಗುನಿಲ್ಲಾಳ ಪಕ್ಕ ಕೂತೆ. ಬಿಳಿಕೂದಲಿನ ಎತ್ತರದ ಹೆಂಗಸು. ಮೊಣಕಾಲ ಮೇಲೆ ಕೈಕಟ್ಟಿ ಕೂತಿದ್ದಳು, ಮುಖದಲ್ಲಿ ಏನೂ ಕಾಣುತ್ತಿರಲಿಲ್ಲ. ನನಗೆ ಸ್ವೀಡಿಷ್ ಬರುವುದಿಲ್ಲ. ಅಲ್ಲಿ ಆಡಿದ ಮಾತನ್ನು ಪ್ರಫುಲ್ಲಾ ಆಮೇಲೆ ಬಿಡಿಸಿ ಹೇಳಿದಳು, ಆದರೆ ಅರ್ಧಕ್ಕಿಂತ ಹೆಚ್ಚು ನನಗೆ ಅಲ್ಲೇ ಅರ್ಥವಾಗಿತ್ತು.

ಅವಳು ಸಂಖ್ಯೆ ಬರೆಯಲೇ ಇಲ್ಲ. ಬೋರ್ಡಿನ ಮೇಲೆ ಚುಕ್ಕಿ ಇಟ್ಟಳು, ನಾಲ್ಕು ಸಾಲು, ಸಾಲಿಗೆ ಆರು. ಒಂದು ಮಾತೂ ಆಡದೆ ಕೆಂಪು ಬಣ್ಣದಲ್ಲಿ ಎಳೆ ಹಿಡಿದು ಹೊರಟಳು. ಗೆರೆ ಓರೆಯಾಗಿ ಹೋಗಿ, ಅಂಚಿಗೆ ಬಂದು ಹೊರಳಿ, ಮತ್ತೆ ಓರೆಯಾಗಿ ಒಳಗೆ ಹೋಯಿತು. ಮಂಗಳವಾರ ತುಟಿ ಬಿಚ್ಚದ ಮಕ್ಕಳ ಕುತ್ತಿಗೆಗಳು ಗೆರೆಯ ಹಿಂದೆಯೇ ತಿರುಗುತ್ತಿದ್ದವು. ಕೆಂಪು ಎಳೆ ಮನೆಗೆ ಬಂದು ಸೇರಿತು. ಉಳಿದದ್ದನ್ನು ಹಸಿರು ಎಳೆ ತುಂಬಿತು. ಎರಡು ಎಳೆ ಎಂದು ತೋರಿಸಿ, ಇನ್ನು ನಿಮ್ಮ ಸರದಿ ಎಂದು ಇಬ್ಬಿಬ್ಬರಿಗೆ ಒಂದೊಂದು ಜೊತೆ ಸಂಖ್ಯೆ ಕೊಟ್ಟು, ಚೌಕುಳಿ ಕಾಗದವನ್ನೂ ಬಣ್ಣದ ಪೆನ್ಸಿಲ್ಲನ್ನೂ ಹಂಚಿದಳು.

ಲಿನ್ನೇಯಾ ಯಾರೆಂದು ನನಗೆ ಯಾರೂ ತೋರಿಸಬೇಕಾಗಲಿಲ್ಲ. ಎರಡು ಜಡೆಯ, ಹುಬ್ಬು ಗಂಟಿಕ್ಕಿದ ಹುಡುಗಿ. ತನಗೆ ಕೊಟ್ಟ ಸಂಖ್ಯೆ ಬೇಡ, ಇಪ್ಪತ್ತನಾಲ್ಕು ಹದಿನೆಂಟೇ ಬೇಕು ಎಂದಳು. ಅಷ್ಟು ದೊಡ್ಡ ರಂಗೋಲಿಗೆ ಬಹಳ ಹೊತ್ತು ಹಿಡಿಯುತ್ತದೆ ಎಂದು ಪ್ರಫುಲ್ಲಾ ಎಚ್ಚರಿಸಿದಳು. ಪರವಾಗಿಲ್ಲ ಎಂದು ಎರಡು ಹಾಳೆ ಅಂಟಿಸಿಕೊಂಡು ಕೂತೇಬಿಟ್ಟಳು.

ಪ್ರಫುಲ್ಲಾಳ ಸ್ವೀಡಿಷ್ ನಡುನಡುವೆ ತಡವರಿಸುತ್ತಿತ್ತು, ಅದು ಭಾಷೆ ಬಾರದ ನನಗೂ ಗೊತ್ತಾಗುತ್ತಿತ್ತು. ಮಾತು ಸಿಗದಾಗ ಅವಳು ಗಾಬರಿಯಾಗದೆ ಚಿತ್ರ ಬರೆಯುತ್ತಿದ್ದಳು, ಮಕ್ಕಳೇ ಆ ಮಾತನ್ನು ಹುಡುಕಿ ಕೊಡುತ್ತಿದ್ದರು. ಒಬ್ಬ ಹುಡುಗ ಐದಕ್ಕೆ ಎಂಟರಲ್ಲಿ ತನಗೆ ಎರಡು ಎಳೆ ಬಂತು ಎಂದು ಕೂಗಿದ. ಒಂದೇ ಬರಬೇಕಿತ್ತು. ತುಮಕೂರಿನಲ್ಲಾಗಿದ್ದರೆ "ತಪ್ಪು, ಕೂತ್ಕೋ" ಎನ್ನುತ್ತಿದ್ದಳು, ನಾನು ಎಷ್ಟೋ ಸಲ ಶಾಲೆಯ ಕಿಟಕಿಯಿಂದ ಕೇಳಿದ್ದೇನೆ. ಇಲ್ಲಿ ಅವನ ಪಕ್ಕ ಮಂಡಿಯೂರಿ ಕೂತು, ನಿನ್ನ ಬೆರಳಿಟ್ಟು ಗೆರೆಯ ಜೊತೆ ನಡೆ, ನಾನು ನೋಡುತ್ತೇನೆ ಎಂದಳು. ಬೆರಳು ನಡೆಯುತ್ತ ನಡೆಯುತ್ತ ಒಂದು ಅಂಚಿನಲ್ಲಿ ನಿಂತಿತು. ಅಲ್ಲಿ ಅವನು ಹೊರಳುವುದನ್ನು ಮರೆತಿದ್ದ. ತಪ್ಪು ತಾನೇ ಕಂಡುಹಿಡಿದವನ ಮುಖ ಊರಗಲವಾಯಿತು. ಅವಳಿಗೆ ಅಷ್ಟು ತಾಳ್ಮೆ ಇದೆ ಎಂದು ನನಗೆ ಗೊತ್ತಿರಲಿಲ್ಲ, ಮನೆಯಲ್ಲಂತೂ ಕಂಡದ್ದಿಲ್ಲ.

ಎಲ್ಲರ ಸಂಖ್ಯೆಗಳನ್ನೂ ಎಳೆಗಳ ಲೆಕ್ಕವನ್ನೂ ಬೋರ್ಡಿನ ಮೇಲೆ ಬರೆದ ಮೇಲೆ ಮಕ್ಕಳೇ ಹೇಳಿದರು, ಇದು ಮಂಗಳವಾರ ಭಾಗಿಸಿ ಭಾಗಿಸಿ ತೆಗೆದದ್ದೇ ಅಲ್ಲವೇ ಎಂದು. ಅವಳು ಹೌದೆಂದು ತಲೆಯಾಡಿಸಿದಳು. ಅಷ್ಟರಲ್ಲಿ ಲಿನ್ನೇಯಾ ಪೆನ್ಸಿಲ್ ಕೆಳಗಿಟ್ಟಳು. ಅವಳ ಹಾಳೆಯ ಮೇಲೆ ಆರು ಬಣ್ಣದ ಆರು ಎಳೆಗಳು. ಎತ್ತಿ ಹಿಡಿದು ನೋಡಿದಳು, ಆದರೆ ಹುಬ್ಬಿನ ಗಂಟು ಬಿಡಲಿಲ್ಲ.

"ಆರು ಬಂತು. ಯಾಕೆ ಬಂತು?"

ಈ ಹುಡುಗಿಗೆ ಸಮಾಧಾನವೇ ಇಲ್ಲವಲ್ಲ ಎಂದುಕೊಂಡೆ. ಪ್ರಫುಲ್ಲಾ ಮಾತ್ರ, ಈ ಪ್ರಶ್ನೆಗಾಗಿಯೇ ಕಾಯುತ್ತಿದ್ದೆ ಎಂಬಂತೆ ನಕ್ಕಳು. ಹುಡುಗಿಯ ಹಾಳೆಯನ್ನು ಎಲ್ಲರಿಗೂ ಕಾಣುವಂತೆ ಹಿಡಿದು, ಉದ್ದ ಇಪ್ಪತ್ತನಾಲ್ಕು, ಅಗಲ ಹದಿನೆಂಟು, ಇದರಲ್ಲಿ ಹದಿನೆಂಟಕ್ಕೆ ಹದಿನೆಂಟರ ಒಂದು ಚೌಕ ಇದೆ, ಒಂದು ಎಳೆ ಹಿಡಿದು ಆ ಚೌಕದೊಳಗೆ ಹೋಗು ಎಂದಳು. ಲಿನ್ನೇಯಾ ಬೆರಳಿಟ್ಟು ಹೋದಳು. ಗೆರೆ ಚೌಕದ ಮೂರು ಅಂಚುಗಳಿಗೂ ತಾಗಿ ಸುತ್ತಾಡಿ, ಹೊಕ್ಕ ಜಾಗದಿಂದಲೇ ಈಚೆಗೆ ಬಂತು. ಇನ್ನೊಂದು ಎಳೆ ಹಿಡಿದರೂ ಅದೇ. ನೆಂಟರ ಮನೆಯನ್ನೆಲ್ಲ ಸುತ್ತಿ ನೋಡಿ ಹೋದ ಬಾಗಿಲಿಂದಲೇ ಹೊರಬಂದ ಹಾಗೆ. ಒಳಗೆ ಹೋಗದೆ ಆ ಬಾಗಿಲಲ್ಲೇ ಹೊರಳಿದ್ದರೂ ಗೆರೆಯ ಮುಂದಿನ ದಾರಿ ಅದೇ ಆಗುತ್ತಿತ್ತು.

"ಹಾಗಾದ್ರೆ ಈ ಚೌಕ ಇದ್ರೂ ಒಂದೇ, ಇಲ್ಲದಿದ್ರೂ ಒಂದೇ" ಎಂದು ಪ್ರಫುಲ್ಲಾ ಚೌಕವನ್ನು ಹಿಂದಕ್ಕೆ ಮಡಿಸಿಬಿಟ್ಟಳು. ಎಳೆಗಳು ಎಷ್ಟಿದ್ದವೋ ಅಷ್ಟೇ. ಉಳಿದದ್ದು ಆರು ಅಗಲ, ಹದಿನೆಂಟು ಉದ್ದದ ಪಟ್ಟಿ. ಅದರಲ್ಲೂ ಆರಕ್ಕೆ ಆರರ ಚೌಕ ಇದೆ. ಅದನ್ನು ಮಡಿಸು ಎಂದು ಹಾಳೆಯನ್ನು ಹುಡುಗಿಯ ಕೈಗೇ ಕೊಟ್ಟಳು. ಲಿನ್ನೇಯಾ ಮಡಿಸಿದಳು. ಇನ್ನೊಂದು ಚೌಕ, ಅದನ್ನೂ ಮಡಿಸಿದಳು. ಕೈಯಲ್ಲಿ ಉಳಿದದ್ದು ಆರಕ್ಕೆ ಆರರ ಒಂದು ಪುಟ್ಟ ಚೌಕ, ಅದರೊಳಗೆ ಆರೂ ಬಣ್ಣಗಳು. ಇನ್ನು ಮಡಿಸಲು ಏನೂ ಇರಲಿಲ್ಲ. ದೊಡ್ಡ ಹಾಳೆಯ ಅಗಲದಲ್ಲೂ ಉದ್ದದಲ್ಲೂ ಈ ಚೌಕವೇ ಸರಿಯಾಗಿ ಕೂತು ತುಂಬುತ್ತದೆ, ಒಂದು ಚುಕ್ಕಿ ಮಿಗುವುದಿಲ್ಲ.

ಹುಡುಗಿಯ ಹುಬ್ಬು ಸಡಿಲವಾಯಿತು. "ಇಲ್ಲಿದೆ" ಎಂದಳು ಮೆಲ್ಲಗೆ. ಅದು ನನಗೆ ಯಾರೂ ಹೇಳದೆಯೇ ತಿಳಿಯಿತು.

ನಾನು ಅರವತ್ತು ದಾಟಿದವಳು. ಚಿಕ್ಕಂದಿನಿಂದ ರಂಗೋಲಿ ಹಾಕಿದ್ದೇನೆ, ಚಿಕ್ಕಂದಿನಲ್ಲೇ ಮ.ಸಾ.ಅ. ತೆಗೆದಿದ್ದೇನೆ. ಎರಡೂ ಒಂದೇ ಎಂದು ತಿಳಿಯಲು ಆ ಮಂಜಿನ ದೇಶದ ಹಿಂದಿನ ಬೆಂಚಿಗೆ ಬರಬೇಕಾಯಿತು. ಪಕ್ಕಕ್ಕೆ ನೋಡಿದರೆ ಗುನಿಲ್ಲಾಳ ಕಟ್ಟಿದ ಕೈ ಬಿಚ್ಚಿತ್ತು. ಆಕೆಯೂ ಯಾವುದೋ ಹಾಳೆ ತೆಗೆದುಕೊಂಡು ಮಡಿಸುತ್ತಿದ್ದಳು.

ಎಳೆ ತಪ್ಪಿದ್ದ ಹುಡುಗ ಈಗ ಕೀಟಲೆಗೆ ನಿಂತ. ನೂರ ನಲವತ್ತಮೂರಕ್ಕೆ ತೊಂಬತ್ತೊಂದು ಕೊಟ್ಟರೆ ಏನು ಮಾಡುತ್ತೀರಿ, ಅಷ್ಟು ದೊಡ್ಡ ಕಾಗದ ಎಲ್ಲಿದೆ ಎಂದ. ಮನಸ್ಸಿನಲ್ಲೇ ಮಡಿಸಿ ಎಂದಳು ಪ್ರಫುಲ್ಲಾ. ನೂರ ನಲವತ್ತಮೂರರಲ್ಲಿ ತೊಂಬತ್ತೊಂದರ ಚೌಕ ಮಡಿಸಿದರೆ ಐವತ್ತೆರಡು ಉಳಿಯಿತು. ತೊಂಬತ್ತೊಂದರಲ್ಲಿ ಐವತ್ತೆರಡು ಮಡಿಸಿದರೆ ಮೂವತ್ತೊಂಬತ್ತು. ಐವತ್ತೆರಡರಲ್ಲಿ ಮೂವತ್ತೊಂಬತ್ತು ಹೋದರೆ ಹದಿಮೂರು. ಮೂವತ್ತೊಂಬತ್ತರಲ್ಲಿ ಹದಿಮೂರು ಮೂರು ಸಲ ಸರಿಯಾಗಿ ಕೂರುತ್ತದೆ. ಹದಿಮೂರು ಎಂದು ಮಕ್ಕಳು ಒಂದೇ ದನಿಯಲ್ಲಿ ಕೂಗಿದರು. ಕೂಗಿ ಎಂದು ಯಾರೂ ಹೇಳಿರಲಿಲ್ಲ. ನಮ್ಮ ಹಳೆಯ ಭಾಗಾಕಾರದಲ್ಲಾದರೆ ಎರಡು, ಮೂರು, ಐದು ಎಂದು ಹುಡುಕುತ್ತ ಹದಿಮೂರಕ್ಕೆ ಹೋಗಿ ಮುಟ್ಟುವಷ್ಟರಲ್ಲಿ ಅರ್ಧ ತರಗತಿ ನಿದ್ದೆ ಹೋಗಿರುತ್ತಿತ್ತು.

ಆಟದ ಬಿಡುವಿನ ಹೊತ್ತಾಯಿತು. ಆ ದೇಶದ ಮಕ್ಕಳಿಗೆ ಬಿಡುವೆಂದರೆ ಪ್ರಾಣ. ಅವತ್ತು ಹೊರಗೆ ಹೋದವರು ಕೆಲವರೇ. ಉಳಿದವರು ಅವಳ ಮೇಜನ್ನು ಮುತ್ತಿಕೊಂಡು ಇನ್ನೂ ಸಂಖ್ಯೆ ಕೊಡಿ ಎಂದು ಪೀಡಿಸುತ್ತಿದ್ದರು.

ಗುನಿಲ್ಲಾ ನಮ್ಮಿಬ್ಬರನ್ನೂ ಶಿಕ್ಷಕರ ಕೋಣೆಗೆ ಕರೆದುಕೊಂಡು ಹೋಗಿ ಫೀಕಾಕ್ಕೆ, ಅಂದರೆ ಅವರ ಕಾಫಿ ಬಿಡುವಿಗೆ, ಕೂರಿಸಿದಳು. ಕಾಫಿ, ದಾಲ್ಚಿನ್ನಿ ಬನ್ನು. ನನಗೆ ಉಪವಾಸ ಎಂದು ಕೈಮುಗಿದೆ. ಆಕೆ ಪ್ರಫುಲ್ಲಾಳ ಜೊತೆ ಸ್ವಲ್ಪ ಹೊತ್ತು ಮಾತಾಡಿದಳು. ಈ ಸಲ "ಇಂಟ್ರೆಸ್ಸಾಂಟ್" ಎಂಬ ಮಾತು ಬಂತೇ ಎಂದು ಕಿವಿ ನೆಟ್ಟಗೆ ಮಾಡಿ ಕೂತೆ. ಬರಲಿಲ್ಲ. ಕೊನೆಗೆ ಆಕೆ ಎದ್ದು, ಮಾತಾಡಿಕೊಳ್ಳಿ ಎಂದು ಸನ್ನೆ ಮಾಡಿ ಹೊರಗೆ ಹೋದಳು.

"ಏನಂತೆ?"

"ಸೋಮವಾರದಿಂದ ಬನ್ನಿ ಅಂದ್ರು ಅತ್ತೆ. ಆದ್ರೆ ಕ್ರಿಸ್‌ಮಸ್‌ವರೆಗೆ ಮಾತ್ರ. ಆಮೇಲೆ ಆ ಮೇಷ್ಟ್ರು ವಾಪಸ್ ಬರ್ತಾರೆ. ಅದಕ್ಕಿಂತ ಹೆಚ್ಚಿಗೆ ಮಾತು ಕೊಡೋಕೆ ಆಗಲ್ಲ ಅಂತ ಮೊದಲೇ ಹೇಳ್ತಿದ್ದೀನಿ ಅಂದ್ರು. ಉತ್ತರ ಇವತ್ತೇ ಬೇಕಂತೆ." ಅವಳು ಬನ್ನನ್ನು ಮುರಿದು ತಟ್ಟೆಯಲ್ಲೇ ಬಿಟ್ಟಳು. "ಇಷ್ಟಕ್ಕೆ ತುಮಕೂರಿನ ಕೆಲಸ ಬಿಡೋದಾ? ನೀವೇ ಹೇಳ್ತಿದ್ರಲ್ಲ."

ಹೇಳುತ್ತಿದ್ದೆ, ನಿಜ. ಆ ವಾರ ಪೂರ್ತಿ ಹೇಳಿದ್ದೆ. ಮೂರು ತಿಂಗಳ ಕೆಲಸಕ್ಕೆ ಖಾಯಂ ಕೆಲಸ ಬಿಡುವವಳನ್ನು ನಮ್ಮ ಬೀದಿಯಲ್ಲಿ ಯಾರೂ ಜಾಣೆ ಎನ್ನುವುದಿಲ್ಲ. ಆದರೆ ಬೆಳಿಗ್ಗೆಯವರೆಗೆ ನಾನು ಅವಳ ಪಾಠ ನೋಡಿರಲಿಲ್ಲ.

"ಹೊನ್ನಪ್ಪನವರಿಗೆ ಫೋನ್ ಮಾಡು" ಎಂದೆ. "ಕ್ರಿಸ್‌ಮಸ್ ಆದ್ಮೇಲಿಂದು ಆಮೇಲೆ ನೋಡ್ಕೊಳ್ಳೋಣ. ಇಂಥಾ ಪಾಠ ಮಾಡೋಳಿಗೆ ಇಲ್ಲಲ್ಲದಿದ್ರೆ ಇನ್ನೊಂದು ಶಾಲೆ ಸಿಗುತ್ತೆ."

ಹೊನ್ನಪ್ಪನವರು ತುಮಕೂರಿನ ಶಾಲೆಯ ಹೆಡ್‌ಮಾಸ್ಟರು. ಅವಳ ಜಾಗಕ್ಕೆ ಬೇರೆಯವರು ಬಾರದಂತೆ ಅಷ್ಟು ದಿನ ಆಡಳಿತ ಮಂಡಳಿಯ ಜೊತೆ ಗುದ್ದಾಡಿ ಉಳಿಸಿಕೊಂಡಿದ್ದವರು. ಪ್ರಫುಲ್ಲಾ ಮೊಬೈಲಿನಲ್ಲಿ ಎಲ್ಲ ವಿವರಿಸಿದಳು. ಆ ಕಡೆಯಿಂದ ಅವರ ದಪ್ಪ ದನಿ ನನಗೂ ಕೇಳುತ್ತಿತ್ತು.

"ಖಾಯಂ ಕೆಲಸ ಪ್ರಫುಲ್ಲಮ್ಮ. ಒಂದ್ಸಲ ಬಿಟ್ರೆ ನಾನೂ ಏನೂ ಮಾಡೋಕಾಗಲ್ಲ. ಮನೇಲಿ ಹಿರಿಯರು ಏನಂತಾರೆ?"

ಅವಳು ನನ್ನ ಮುಖ ನೋಡಿದಳು. ನಾನು ಫೋನ್ ಕೈಗೆ ತೆಗೆದುಕೊಂಡೆ. "ಹಿರಿಯರು ನಾನೇ, ಸುಲೋಚನಾ. ಇವತ್ತು ಇವಳ ಪಾಠ ಕೂತು ನೋಡಿದೀನಿ ಹೊನ್ನಪ್ಪನವರೇ. ಇಲ್ಲೇ ಇರಲಿ ಅಂತೀನಿ. ಇನ್ನು ಅವಳ ಇಷ್ಟ" ಎಂದು ಫೋನನ್ನು ಅವಳಿಗೇ ವಾಪಸ್ ಕೊಟ್ಟೆ.

ಪ್ರಫುಲ್ಲಾ ಫೋನ್ ಹಿಡಿದು ಬಾಗಿಲ ಕಡೆ ತಿರುಗಿದಳು. ಓಣಿಯ ಆಚೆ ಮಕ್ಕಳ ಗಲಾಟೆ ಕೇಳುತ್ತಿತ್ತು.

"ನಾನು ಬರೋಲ್ಲ ಸರ್, ಕ್ಷಮಿಸಿ" ಎಂದಳು. "ಸೋಮವಾರ ಇಲ್ಲಿ ನನ್ನ ಕ್ಲಾಸ್ ಇದೆ."

ಫೋನ್ ಇಟ್ಟು ಅವಳು ಕೈಯನ್ನು ಮೇಜಿನ ಮೇಲೆ ಊರಿದಳು. ಅಷ್ಟು ವರ್ಷದ ಶಾಲೆಯನ್ನು ಒಂದೇ ಮಾತಿನಲ್ಲಿ ಬಿಟ್ಟುಕೊಟ್ಟ ಕೈ. ನಾನು ಅದನ್ನು ಹಿಡಿದುಕೊಂಡು ಕೂತೆ. ನನ್ನ ಮಗ ಹುಟ್ಟಿದ ದಿನವೂ ನನಗೆ ಇಷ್ಟು ಹೆಮ್ಮೆಯಾಗಿರಲಿಲ್ಲ. ಇದನ್ನು ಮಾತ್ರ ಗೋಪೀನಾಥನಿಗೆ ಯಾರೂ ಹೇಳಬೇಡಿ.